ಉಕ್ಕಿನ ಪಕ್ಕದ ಚಿನ್ನ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ತೀರಿಕೊಂಡಾಗ, ವರ್ಕ್‌ಶಾಪಿಗೆ ಬೀಗ ಹಾಕಿ ತೆಪ್ಪಗೆ ಮನೆಯಲ್ಲಿ ಕೂರು ಎಂದು ಹತ್ತು ಜನ ಬುದ್ಧಿ ಹೇಳಿದ್ದರು. ಹನ್ನೊಂದನೆಯವರು ಬಾಯಿ ತೆರೆಯುವ ಮೊದಲೇ ಅವಳು ಶಟರ್ ಎತ್ತಿ, ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿದ್ದಳು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು ಲೇತಮ್ಮ. ಕುಹಕಕ್ಕೆ ಇಟ್ಟ ಹೆಸರು. ಅವಳು ಅದನ್ನೇ ಶಟರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಬಿಟ್ಟಳು.

ಅವಳ ಉಂಗುರವೂ ಆ ಯಂತ್ರದಲ್ಲೇ ಹುಟ್ಟಿದ್ದು. ಮದುವೆಯ ಮಾತಾದ ಹೊಸತರಲ್ಲಿ ಗಂಡ ಸ್ಟೀಲ್ ಸರಳಿನ ತುಂಡೊಂದನ್ನು ಲೇತಿಗೆ ಕಟ್ಟಿ, ಕೊರೆದು, ಉಜ್ಜಿ ಹೊಳಪು ಬರಿಸಿ ಅವಳ ಬೆರಳಿಗೆ ತೊಡಿಸಿದ್ದ. ತಿರುಗುವ ಯಂತ್ರದ ಮುಂದೆ ಉಂಗುರ ತೊಟ್ಟು ನಿಂತರೆ ಬೆರಳೇ ಹೋದೀತು; ಹಾಗಾಗಿ ಬೆಳಿಗ್ಗೆ ಅದನ್ನು ಬಿಚ್ಚಿಡುವಳು, ಸಂಜೆ ಕೈಯ ಎಣ್ಣೆ ತೊಳೆದ ಮೇಲೆ ಮತ್ತೆ ತೊಡುವಳು.

ಐವತ್ತರ ಹೊಸ್ತಿಲಲ್ಲಿ ಅವಳು ಇನ್ನೊಂದು ಮದುವೆಗೆ ಒಪ್ಪಿದಳು. ಗಂಡು ಶಾಲಾ ಬಸ್ಸಿನ ಡ್ರೈವರು, ಹೆಂಡತಿಯನ್ನು ಕಳೆದುಕೊಂಡವನು. ಮಾತು ಕಡಿಮೆ, ನಗು ಜಾಸ್ತಿ. ಬಸ್ಸಿನ ಬಿಡಿಭಾಗವೊಂದನ್ನು ಸರಿ ಮಾಡಿಸಲು ಬಂದವನು ಆಮೇಲೆ ಸರಿಯಾಗಿದ್ದ ಭಾಗಗಳನ್ನೂ ಹೊತ್ತು ತರತೊಡಗಿದಾಗ, ಕೆಟ್ಟಿರುವುದು ಬಸ್ಸೋ ಡ್ರೈವರೋ ಎಂದು ಅವಳೇ ಕೇಳಿದ್ದಳು.

ತಕರಾರು ಎದ್ದದ್ದು ಉಂಗುರದ ವಿಷಯಕ್ಕೆ. ಡ್ರೈವರನನ್ನು ಸಾಕಿ ಬೆಳೆಸಿದ ಅವನ ಅಕ್ಕ ಎಲ್ಲರಿಗೂ ದೊಡ್ಡಕ್ಕ. ತಮ್ಮ ತಾಯಿಯ ಚಿನ್ನದ ಬಳೆ ಕರಗಿಸಿ ಮದುವೆಯ ಉಂಗುರ ಮಾಡಿಸೋಣ ಎಂದು ಬಳೆ ಹಿಡಿದೇ ಬಂದಳು. ಲೇತಮ್ಮನಿಗೆ ಮನಸ್ಸು ತುಂಬಿ ಬಂತು. ಆದರೆ ದೊಡ್ಡಕ್ಕನ ಕಣ್ಣು ಸ್ಟೀಲ್ ಉಂಗುರದ ಮೇಲಿತ್ತು. ಇನ್ನು ಇದನ್ನು ತೆಗೆದಿಟ್ಟುಬಿಡು ಎಂದಳು. ತೆಗೆಯುವುದಿಲ್ಲ, ಎರಡನ್ನೂ ಒಂದೇ ಬೆರಳಿಗೆ ಹಾಕಿಕೊಳ್ಳುತ್ತೇನೆ ಎಂದಳು ಲೇತಮ್ಮ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಲೇತಮ್ಮನ ಮಗಳೂ ಇದನ್ನು ಕೇಳಿ ಮುಖ ಊದಿಸಿಕೊಂಡಳು. ಮದುವೆಗೆ ಅವಳ ಅಡ್ಡಿಯಿರಲಿಲ್ಲ. ಅಪ್ಪನ ಉಂಗುರಕ್ಕೆ ಇನ್ನೊಂದನ್ನು ಒರಗಿಸುವುದು ಮಾತ್ರ ಬೇಡ, ಬೇಕಿದ್ದರೆ ಅದನ್ನು ತನಗೆ ಕೊಟ್ಟುಬಿಡು ಎಂದಳು. ಒಬ್ಬಳಿಗೆ ಚಿನ್ನದ ಪಕ್ಕ ಸ್ಟೀಲ್ ಆಗದು, ಇನ್ನೊಬ್ಬಳಿಗೆ ಸ್ಟೀಲಿನ ಪಕ್ಕ ಚಿನ್ನ ಆಗದು. ಬೆರಳು ಮಾತ್ರ ಲೇತಮ್ಮನದು.

ನಾಲ್ವರೂ ಅಕ್ಕಸಾಲಿಗನ ಅಂಗಡಿಗೆ ಹೋದರು. ಒಬ್ಬರೇ ಹಾಯಾಗಿ ಕೂರಬಹುದಾದ ಬೆಂಚಿನ ಮೇಲೆ ಮೂವರು ಹೆಂಗಸರು ಒತ್ತಿಕೊಂಡು ಕೂತರು. ಡ್ರೈವರು ಬಾಗಿಲಿಗೆ ಒರಗಿದ. ಅಕ್ಕಸಾಲಿಗ ಸ್ಟೀಲ್ ಉಂಗುರವನ್ನು ತಿರುಗಿಸಿ ನೋಡಿ, ಇದು ಗಟ್ಟಿ, ಚಿನ್ನ ಮೆತ್ತಗೆ, ಒಂದಕ್ಕೊಂದು ಉಜ್ಜಿದರೆ ಸವೆಯುವುದು ಚಿನ್ನವೇ ಎಂದ. ನೋಡಿದೆಯಾ ಎನ್ನುವಂತೆ ದೊಡ್ಡಕ್ಕ ತಲೆಯಾಡಿಸಿದಳು. ಚಿನ್ನ ಗಟ್ಟಿಯಾಗಲು ಏನು ಮಾಡಬೇಕು ಎಂದು ಲೇತಮ್ಮ ಕೇಳಿದಳು. ತಾಮ್ರ ಜಾಸ್ತಿ ಬೆರೆಸಬೇಕು, ಬಣ್ಣ ಸ್ವಲ್ಪ ಕೆಂಪಗಾಗುತ್ತದೆ, ಆದರೂ ಸವೆಯುವುದು ಪೂರ್ತಿ ನಿಲ್ಲುವುದಿಲ್ಲ ಎಂದ ಅವನು.

"ನಮ್ಮಮ್ಮನ ಚಿನ್ನಕ್ಕೆ ಕಲಬೆರಕೆನಾ?" ದೊಡ್ಡಕ್ಕನ ದನಿ ನಡುಗಿತು.

ಅಕ್ಕಸಾಲಿಗ ಬಳೆಯನ್ನು ಒರೆಗಲ್ಲಿಗೆ ಉಜ್ಜಿ, ಇದರಲ್ಲಿ ಆಗಲೇ ತಾಮ್ರ ಇದೆ, ಅಪ್ಪಟ ಚಿನ್ನವಾಗಿದ್ದರೆ ಬಳೆಯ ಆಕಾರವೇ ನಿಲ್ಲುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿದ. ದೊಡ್ಡಕ್ಕ ಬಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಆಮೇಲೆ ಹೊಟ್ಟೆಯಲ್ಲಿದ್ದ ಮಾತು ಹೊರಗೆ ಬಂತು.

"ಒಂದೇ ಬೆರಳಿಗೆ ಇಬ್ಬರು ಗಂಡಂದಿರ ಉಂಗುರ. ನೋಡಿದೋರು ಏನಂದ್ಕೊಳ್ತಾರೆ? ದಿನಾ ಕೆಲಸಕ್ಕೆ ಅಂತ ಬಿಚ್ಚಿಡ್ತೀಯಲ್ಲ, ಹಾಗೇ ಬಿಚ್ಚಿಟ್ಟುಬಿಟ್ರೆ ನಿನ್ನ ಗಂಟೇನು ಹೋಗತ್ತೆ?"

"ಬಿಚ್ಚೋದೂ ನಾನೇ, ಹಾಕ್ಕೊಳ್ಳೋದೂ ನಾನೇ, ದೊಡ್ಡಕ್ಕ" ಎಂದಳು ಲೇತಮ್ಮ. "ಇನ್ನೊಬ್ಬರು ಹೇಳಿದ್ರು ಅಂತ ಬಿಚ್ಚಿದ್ರೆ ಮಾತ್ರ ನನ್ನ ಗಂಟು ಹೋಗೋದು."

ದೊಡ್ಡಕ್ಕ ತಮ್ಮನ ಕಡೆ ತಿರುಗಿದಳು. ನೀನಾದರೂ ಹೇಳು ಎಂದಳು. ಡ್ರೈವರು ಬಾಗಿಲು ಬಿಟ್ಟು ಒಳಗೆ ಬಂದ.

"ನಮ್ಮನೆ ಗೋಡೆ ಮೇಲೆ ನನ್ನ ಹೆಂಡತಿ ಫೋಟೋ ಇದೆ. ಇಳಿಸಿ ಅಂತ ಇವರು ಒಂದಿನಾನೂ ಅಂದಿಲ್ಲ. ಈ ಉಂಗುರ ಇರೋ ಕೈಯನ್ನೇ ಅಲ್ವಾ ಅಕ್ಕ, ನಾನು ಹಿಡೀತೀನಿ ಅಂದಿದ್ದು?"

ದೊಡ್ಡಕ್ಕ ಬಳೆಯನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಡ್ರೈವರನ ಮುಖ ಸಣ್ಣದಾಯಿತು. ಜಗಳ ಗೆದ್ದ ಖುಷಿಯೇನೂ ಲೇತಮ್ಮನಿಗಾಗಲಿಲ್ಲ. ಆದರೆ ಹಿಂದಕ್ಕೆ ಕರೆಯಲಿಲ್ಲ. ಕಿವಿಗೆ ಕೈಯೊಯ್ದು ಎರಡೂ ಓಲೆಗಳನ್ನು ಬಿಚ್ಚಿ ಅಕ್ಕಸಾಲಿಗನ ಮುಂದಿಟ್ಟಳು. ಅವು ಅವಳೇ ದುಡಿದು ಮಾಡಿಸಿಕೊಂಡವು.

"ಇವನ್ನ ಕರಗಿಸಿ. ತಾಮ್ರ ಧಾರಾಳವಾಗಿ ಹಾಕಿ, ಕೆಂಪಗಾದ್ರೂ ಚಿಂತೆಯಿಲ್ಲ. ಸವೆದ್ರೆ ಸವೀಲಿ, ನಾನೇನು ಸವೆದಿಲ್ವಾ?"

ಉಂಗುರ ತಾನು ತರಬೇಕಿತ್ತಲ್ಲ ಎಂದು ಡ್ರೈವರು ತಡವರಿಸಿದ. ತರುವುದು ಬೇಡ, ತೊಡಿಸಿದರೆ ಸಾಕು ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ಅಮ್ಮನ ಬರಿಗಿವಿಯನ್ನೇ ಕದ್ದು ನೋಡುತ್ತಿದ್ದಳು. ಕೊನೆಗೆ, ನನಗಿದು ಈಗಲೂ ಇಷ್ಟವಿಲ್ಲ ಅಮ್ಮ ಎಂದಳು. ಇಷ್ಟವಾಗಲೇಬೇಕೆಂದು ಯಾರು ಹೇಳಿದರು, ಬಂದು ಪಕ್ಕದಲ್ಲಿ ನಿಂತುಕೋ ಎಂದಳು ಅಮ್ಮ.

ಮದುವೆಗೆ ಇದ್ದದ್ದು ಬಾಡಿಗೆಯ ಸಣ್ಣ ಹಾಲ್, ನಾಲ್ಕು ಸಾಲು ಕುರ್ಚಿ. ಡ್ರೈವರು ಕೆಂಪು ಚಿನ್ನದ ಉಂಗುರವನ್ನು ಸ್ಟೀಲಿಗೆ ತಾಗಿಸಿ ತೊಡಿಸುವಾಗ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಲೇತಮ್ಮ ಆ ಕಡೆ ತಿರುಗಿ, ಕಾಣದವರಿಗೂ ಕಾಣಲಿ ಎಂದು ಕೈ ಎತ್ತಿ ಹಿಡಿದಳು. ಆಗಲೇ ಬಾಗಿಲಲ್ಲಿ ದೊಡ್ಡಕ್ಕ ಕಂಡದ್ದು. ಬಿಗಿದ ಮುಖದಲ್ಲೇ ಒಳಗೆ ಬಂದು ಕೊನೆಯ ಕುರ್ಚಿಯಲ್ಲಿ ಕೂತಳು.

ಫೋಟೋದವನು ಇಬ್ಬರ ಕೈಗಳನ್ನೂ ಜೋಡಿಸಿ ಕ್ಯಾಮೆರಾದಲ್ಲಿ ಇಣುಕಿ, ಸ್ಟೀಲಿನದು ಬಣ್ಣ ಹೊಂದುತ್ತಿಲ್ಲ, ಒಂದು ನಿಮಿಷದ ಮಟ್ಟಿಗೆ ತೆಗೆಯುತ್ತೀರಾ ಎಂದು ಕೇಳಿದ. ಲೇತಮ್ಮ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಮಗಳು ಮುಂದೆ ಬಂದಳು.

"ಉಂಗುರ ತೆಗೆಯೋದಿಲ್ಲ. ನೀವು ಫೋಟೋ ತೆಗೀರಿ."