ಅರ್ಧ ತಿಕ್ಕಿದ ತಗಡು

ಬಿಳಿಚೋಡಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ಚೌಡಕ್ಕನಿಗೆ ಕಪ್ಪು ಹಿಡಿದ ಪಾತ್ರೆ ಕಂಡರೆ ಮೈ ಉರಿಯುತ್ತಿತ್ತು. ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು ಕೊಟ್ಟರೆ ಸಾಕು, ಎಂಥ ಮಸಿ ಹಿಡಿದ ಹಂಡೆಯನ್ನೂ ಮುಖ ನೋಡಿಕೊಳ್ಳುವ ಹಾಗೆ ಮಾಡಿಡುತ್ತಿದ್ದಳು. ಊರಿನಲ್ಲಿ ಅವಳಿಗೆ ಆ ಹೆಸರಿತ್ತು, ಅವಳಿಗೆ ಅದರ ಜಂಬವೂ ಇತ್ತು. ಆದರೆ ೧೯೮೪ರ ಆ ಬೇಸಿಗೆಯಲ್ಲಿ ಅವಳ ಜಂಬವೆಲ್ಲ ಮಗಳು ಉಚ್ಚಂಗಮ್ಮನ ಬಗ್ಗೆಯೇ ಆಗಿತ್ತು.

ಉಚ್ಚಂಗಮ್ಮ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ. ಬಿಸಿಲಿನಿಂದ ಕರೆಂಟು ತೆಗೆದು, ಆ ಕರೆಂಟಿನಿಂದ ನೀರನ್ನು ಒಡೆದು, ಜಲಜನಕವೆಂಬ ಉರಿಯುವ ಅನಿಲ ಮಾಡುವುದು ಅವಳ ಕೆಲಸ. ಕರೆಂಟು ಸುಮ್ಮನೆ ಪೋಲಾಗದಂತೆ, ನೀರು ಸಲೀಸಾಗಿ ಒಡೆಯುವಂತೆ ಮಾಡುವ ಲೇಪವೊಂದನ್ನು ವರ್ಷಗಟ್ಟಲೆ ಕೂತು ಕಂಡುಹಿಡಿದಿದ್ದಳು. ಓದಿದವರು ಅದನ್ನು ವೇಗವರ್ಧಕ ಎನ್ನುತ್ತಾರೆ. ಅದನ್ನು ತಾನು ಅಕ್ಷರ ಕಲಿತ ಶಾಲೆಯಲ್ಲೇ ತೋರಿಸಬೇಕೆಂದು ಊರಿಗೆ ಬಂದಿದ್ದಳು. ಚೌಡಕ್ಕ ಎಷ್ಟೋ ದಿನದಿಂದ ಮನೆಮನೆಗೆ ಹೋಗಿ ಸಾರಿದ್ದಳು. ಹಿಟ್ಟಿನ ಗಿರಣಿಯ ಯರ್ರಿಸ್ವಾಮಿ ಮಾತ್ರ ನಕ್ಕಿದ್ದ.

"ನೀರಿನಾಗೆ ಬೆಂಕಿ ಹುಟ್ಟಿಸ್ತಾಳೇನು ನಿನ್ನ ಮಗಳು? ಹಂಗಾದ್ರೆ ನನ್ನ ಗಿರಣಿಗೆ ಡೀಸೆಲ್ ಯಾಕೆ ಬೇಕು? ಬರ್ತೀನಿ ತಗಾ, ಕಣ್ಣಾರೆ ನೋಡ್ತೀನಿ."

"ಬಾ, ಮುಂದಿನ ಸಾಲಿನಾಗೆ ಕೂರಿಸ್ತೀನಿ" ಅಂದಿದ್ದಳು ಚೌಡಕ್ಕ.

ಆ ದಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ಚೌಡಕ್ಕ ಅವಳ ಪೆಟ್ಟಿಗೆ ತೆರೆದಳು. ಒಳ್ಳೆಯ ಕೆಲಸಕ್ಕೆ ಹೊರಟ ಸಾಮಾನನ್ನು ದೇವರ ಗೂಡಿನ ಮುಂದಿಟ್ಟು ಕುಂಕುಮ ಹಚ್ಚಿ ಕಳಿಸುವುದು ಆ ಮನೆಯ ಪದ್ಧತಿ. ದೇವರ ಮುಂದೆ ಇಟ್ಟದ್ದು ಥಳಥಳ ಹೊಳೆಯಬೇಕು ಎಂಬುದು ಚೌಡಕ್ಕನ ಸ್ವಂತ ಪದ್ಧತಿ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಂಗೈಯಗಲದ ತಗಡು ಹೊಗೆ ಕುಡಿದ ರೊಟ್ಟಿ ಹೆಂಚಿನ ಹಾಗೆ ಕರ್ರಗಿತ್ತು. ಇಂಥದ್ದನ್ನು ಯರ್ರಿಸ್ವಾಮಿಯ ಮುಂದೆ ಹಿಡಿಯುವುದೇ? ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕತೊಡಗಿದಳು.

ಅರ್ಧ ಮುಗಿಯುವಷ್ಟರಲ್ಲಿ ಮಗಳು ತಲೆ ಒರೆಸಿಕೊಳ್ಳುತ್ತ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

"ಯವ್ವಾ, ಆ ಕಪ್ಪೇ ನಾನು ಕಂಡುಹಿಡಿದಿದ್ದು. ತಂದಿರೋದು ಅದೊಂದೇ."

ಚೌಡಕ್ಕನ ಕೈಯಿಂದ ನಾರು ಜಾರಿತು. ಮಗಳ ಇಷ್ಟು ವರ್ಷದ ದುಡಿಮೆ ಬೂದಿನೀರಿನ ಜೊತೆ ಮೋರಿಗೆ ಹರಿಯುತ್ತಿತ್ತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇವತ್ತು ಆಗಲ್ಲ ಅಂತ ಹೇಳಿ ಬರ್ತೀನಿ ತಾಯಿ. ನನಗೆ ಹುಷಾರಿಲ್ಲ ಅಂತೀನಿ. ನಗೋರು ನನ್ನ ನೋಡಿ ನಗ್ಲಿ."

ಉಚ್ಚಂಗಮ್ಮ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು ಬಟ್ಟೆಯಲ್ಲಿ ಸುತ್ತಿದಳು.

"ನಡಿಯವ್ವ, ಹೊತ್ತಾತು" ಅಂದಳು.

ಶಾಲೆಯ ಅಂಗಳದಲ್ಲಿ ಬೆಂಚಿನ ಮೇಲೆ ಗಾಜಿನ ಜಾಡಿ, ಅದರಲ್ಲಿ ಕಾಸ್ಟಿಕ್ ಸೋಡಾ ಕಲಸಿದ ನೀರು, ಪಕ್ಕದಲ್ಲಿ ಬಿಸಿಲಿಗೆ ಒರಗಿಸಿದ ಸೌರಫಲಕ. ಜಗಳೂರು ಸೀಮೆಯಲ್ಲಿ ಬೇರೆ ಏನಕ್ಕೆ ಕೊರತೆಯಿದ್ದರೂ ಬಿಸಿಲಿಗಿಲ್ಲ. ಯರ್ರಿಸ್ವಾಮಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಚೌಡಕ್ಕ ಕಂಬದ ಮರೆ ಹಿಡಿದಳು.

ಮಗಳು ತಗಡನ್ನು ಜಾಡಿಯಲ್ಲಿ ಇಳಿಬಿಟ್ಟು, ಅದಕ್ಕೂ ಜಾಡಿಯಲ್ಲಿದ್ದ ಕಬ್ಬಿಣದ ಸರಳಿಗೂ ಫಲಕದ ತಂತಿ ಸೇರಿಸಿದಳು. ಕಪ್ಪು ಅರ್ಧದಿಂದ ಸಣ್ಣ ಗುಳ್ಳೆಗಳು ಭರಭರನೆ ಎದ್ದವು, ಹಾಲು ಉಕ್ಕಿ ಬಂದ ಹಾಗೆ. ಹೊಳೆಯುವ ಅರ್ಧ ಎಲ್ಲೋ ಒಂದೆರಡು ಗುಳ್ಳೆ ಬಿಟ್ಟು ತೆಪ್ಪಗಿತ್ತು. ಒಂದೇ ತಗಡು, ಒಂದೇ ಬಿಸಿಲು. ಲೇಪದ ಕೆಲಸ ಏನೆಂದು ಹೇಳಿಕೊಡುವ ಅಗತ್ಯವೇ ಇರಲಿಲ್ಲ, ಒಂದನೇ ಇಯತ್ತೆಯ ಮಕ್ಕಳಿಗೂ ಕಂಡಿತು.

ತಗಡಿನ ಮೇಲೆ ಬೋರಲು ಹಾಕಿದ್ದ ಗಾಜಿನ ಆಲಿಕೆಯಿಂದ ಕೊಳವೆಯೊಂದು ಸಾಬೂನು ನೀರಿನ ಬಟ್ಟಲಿಗೆ ಇಳಿದಿತ್ತು. ಅಲ್ಲಿ ಉಬ್ಬಿದ ಗುಳ್ಳೆಯನ್ನು ಚಮಚದಲ್ಲಿ ದೂರಕ್ಕೆ ತಂದು ಉಚ್ಚಂಗಮ್ಮ ಊದುಬತ್ತಿ ತಾಗಿಸಿದಳು. ಟಪ್ಪೆಂದು ಹತ್ತಿಕೊಂಡಿತು. ಯರ್ರಿಸ್ವಾಮಿಯ ಕಾಲು ತಾನಾಗಿ ಕೆಳಗಿಳಿಯಿತು.

"ಒಪ್ಪಿದೆ ತಾಯಿ, ಒಪ್ಪಿದೆ" ಅಂದ. ಆಮೇಲೆ ಜಾಡಿಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದ, "ಈ ಕಡೆ ಅರ್ಧ ಯಾಕೆ ಸುಮ್ನೆ ಐತೆ?"

"ಫರಕು ಕಾಣ್ಲಿ ಅಂತ ನಾನೇ ಬೇಕಂತ ಉಜ್ಜಿ ತಂದೀನಿ, ಮಾವ."

ಹೇಳುವಾಗ ಅವಳು ಕಂಬದ ಕಡೆ ನೋಡಲೇ ಇಲ್ಲ. ಅವ್ವನ ಮಾನ ಉಳಿಸಲು ಆಡಿದ ಮಾತು ಎಂದು ಚೌಡಕ್ಕನಿಗೆ ತಿಳಿಯಿತು, ಕಣ್ಣು ತುಂಬಿತು. ಆದರೆ ಕೆಲಸ ಮಾಡದೆ ಕೂತ ಆ ಅರ್ಧದ ಮೇಲೆ ತನ್ನ ಮಗಳ ಹೆಸರು ಇರುವುದನ್ನು ಅವಳಿಂದ ತಾಳಲಾಗಲಿಲ್ಲ. ಸೆರಗು ಬಿಗಿದು ಊರವರ ನಡುವೆ ಬಂದು ನಿಂತಳು.

"ಅವಳು ಹೇಳಿದ್ದು ಸುಳ್ಳು, ಯರ್ರಿಸ್ವಾಮಿ. ಸುಮ್ನೆ ಕೂತೈತಲ್ಲ, ಆ ಅರ್ಧ ನಾನು ತಿಕ್ಕಿದ್ದು. ನೀರಿನಾಗೆ ಬೆಂಕಿ ಹುಟ್ಟಿಸ್ತೈತಲ್ಲ, ಆ ಅರ್ಧ ನನ್ನ ಮಗಳದು."

ಅಷ್ಟು ಹೇಳಿ, ಕಂಬದ ಕಡೆ ತಿರುಗದೆ, ಮುಂದಿನ ಸಾಲಿನಲ್ಲಿ ಯರ್ರಿಸ್ವಾಮಿಯ ಪಕ್ಕದಲ್ಲೇ ಕೂತಳು.