ಕಾಳಿಗೆ ಹಾಕದ ಹೋಳು

ಕಹಿಗೆಣಸು ತಿನ್ನುವುದು ನಮಗೆ ಹೊಸದಲ್ಲ. ಹೋಳು ಮಾಡಿ, ಬೂದಿ ಹಚ್ಚಿ, ಬುಟ್ಟಿಯಲ್ಲಿ ಕಟ್ಟಿ, ಹರಿಯುವ ಹಳ್ಳದಲ್ಲಿ ಮೂರು ದಿನ ಮುಳುಗಿಸಿಟ್ಟರೆ ವಿಷ ತೊಳೆದು ಹೋಗುತ್ತದೆ. ಆಮೇಲೆ ಬೇಯಿಸಿ, ಮೊದಲ ಹೋಳನ್ನು ನಾಯಿಗೆ ಹಾಕಬೇಕು. ಗುಡಿಸಲ ನೆರಳು ಬೇಲಿ ಮುಟ್ಟುವತನಕ ಅದರ ಎದುರಿಗೆ ಕೂತು ನೋಡಬೇಕು. ನಾಯಿ ಆರಾಮಿದ್ದರೆ ಮನೆಯವರು ಉಣ್ಣಬೇಕು. ಸನವಳ್ಳಿಯ ಆಚೆಗಿನ ನಮ್ಮ ತಾಂಡಾದಲ್ಲಿ ಈ ಕೂತು ನೋಡುವ ಕೆಲಸ ಗಂಡಸರದು. ದೊಡ್ಡ ಕೆಲಸವೇನಲ್ಲ. ಅಷ್ಟನ್ನೂ ನಾನು ಮಾಡಲಿಲ್ಲ.

ಯುದ್ಧ ನಡೆದಿದ್ದ ಕಾಲ. ಕಂಟ್ರೋಲು ಅಂಗಡಿಗೆ ಎರಡು ವಾರದಿಂದ ಜೋಳ ಬಂದಿರಲಿಲ್ಲ. ಗೆಣಸು ಅಗೆದು ತಂದವನು ನಾನೇ, ಹಳ್ಳದಲ್ಲಿ ಇಟ್ಟವನೂ ನಾನೇ. ಬೇಸಿಗೆಗೆ ಹಳ್ಳ ಸೊರಗಿ, ಬುಟ್ಟಿಯ ಸುತ್ತ ನೀರು ನಿಂತೇ ಇತ್ತು. ಹರಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಂದ ಹೋಳು ಹಿಡಿದು ಹಿತ್ತಲಿಗೆ ಹೋದಾಗ ನಮ್ಮ ನಾಯಿ ಕಾಳಿ ಎದ್ದು ಬಂದಳು. ತುಂಬಿದ ಗಬ್ಬ. ಹಿಂದಿನ ವರ್ಷ ಹೀಗೆಯೇ ಹೋಳು ತಿಂದು ಒದ್ದಾಡಿ, ಸತ್ತ ಮರಿಗಳನ್ನು ಹಾಕಿ, ದಿನವೆಲ್ಲ ಅವನ್ನು ನೆಕ್ಕುತ್ತ ಕೂತಿದ್ದಳು. ನನಗೆ ಕೈ ಏಳಲಿಲ್ಲ. ಹೋಳನ್ನು ಬೇಲಿಯಾಚೆಯ ಹಾಳುಬಾವಿಗೆ ಎಸೆದುಬಿಟ್ಟೆ. ನಾಯಿಯ ಮೇಲೆ ಕರುಣೆ ತೋರಿಸಿದ ದೊಡ್ಡ ಮನುಷ್ಯ ನಾನು.

ನೆರಳು ಬೇಲಿ ಮುಟ್ಟಿದಾಗ ನನ್ನ ಹೆಂಡತಿ ಧರ್ಮಿಬಾಯಿ ಒಳಗಿನಿಂದ ಕೇಳಿದಳು.

“ಕಾಳಿ ಹೆಂಗದಾಳ್ರಿ?”

“ತಿಂದು ಆರಾಮ ಮಲಗ್ಯಾಳ,” ಎಂದೆ.

ನಮ್ಮ ಮಗಳು ಗೀತಾಗೆ ಆಗ ನಾಲ್ಕು ವರ್ಷ. ಹಸಿವಿಗೆ ಅತ್ತು ಅತ್ತು ದನಿಯೇ ಬಿದ್ದುಹೋಗಿತ್ತು. ಅವಳಿಗೇ ಮೊದಲು ಬಡಿಸಿದೆವು. ತಟ್ಟೆ ಖಾಲಿ ಮಾಡಿ ಇನ್ನೂ ಬೇಕೆಂದಳು, ನಾನೇ ಹಾಕಿದೆ. ನಾವು ಉಣ್ಣಲು ಕೂಡುವ ಮೊದಲೇ ಅವಳಿಗೆ ವಾಂತಿ ಶುರುವಾಯಿತು. ಹುಣಸೆನೀರು ಕುಡಿಸಿದೆವು, ಬೆನ್ನು ತಿಕ್ಕಿದೆವು, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆವು. ಬೆಳಗಾಗುವಷ್ಟರಲ್ಲಿ ಮಗಳು ಇರಲಿಲ್ಲ.

ಮಣ್ಣು ಮಾಡಿ ಬಂದು ಮೂಲೆಯಲ್ಲಿ ಬಿದ್ದುಕೊಂಡೆ. ಮಧ್ಯಾಹ್ನ ಧರ್ಮಿಬಾಯಿ ನನ್ನ ಮುಂದೊಂದು ತಟ್ಟೆ ಇಟ್ಟು, ತನಗೂ ಒಂದು ಇಟ್ಟುಕೊಂಡಳು. ಎರಡರಲ್ಲೂ ಅದೇ ಗೆಣಸು. ಮನೆಯಲ್ಲಿ ಬೇರೇನೂ ಇರಲಿಲ್ಲ.

“ಏಳ್ರಿ, ಎರಡು ತುತ್ತು ತಿನ್ರಿ. ಗೆಣಸಿನ್ಯಾಗ ದೋಷ ಇಲ್ಲ. ಕಾಳಿ ತಿಂದು ಗಟ್ಟಿ ಅದಾಳ. ನಮ್ಮ ಕೂಸಿನ ಆಯುಷ್ಯನ ಅಷ್ಟ ಇತ್ತು.”

ನಾನೊಬ್ಬನೇ ಇದ್ದಿದ್ದರೆ ಸುಮ್ಮನೆ ತಿಂದುಬಿಡುತ್ತಿದ್ದೆ. ಅವಳು ಹೋಳು ಮುರಿದು ಬಾಯಿಯ ಹತ್ತಿರ ತಂದಳು. ಅವಳ ಕೈ ಹಿಡಿದೆ.

“ಕಾಳಿ ತಿಂದಿಲ್ಲ. ನಾ ಆಕಿಗೆ ಹಾಕೇ ಇಲ್ಲ.”

ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೈ ಬಿಡಿಸಿಕೊಂಡು ಎರಡೂ ತಟ್ಟೆಗಳನ್ನು ಗೆಣಸಿನ ಗಡಿಗೆಗೆ ಸುರಿದಳು. ಗಡಿಗೆ ಹೊತ್ತು ಹಿತ್ತಲಿಗೆ ಹೋಗಿ, ಗೀತಾಳನ್ನು ಊಟಕ್ಕೆ ಕರೆಯುತ್ತಿದ್ದ ದನಿಯಲ್ಲೇ ಕಾಳಿಯನ್ನು ಕರೆದಳು.

“ಬಾ,” ಎಂದಳು ನನಗೆ. “ಈಗರೆ ಕುಂತು ನೋಡು.”

ಕಾಳಿಯೂ ಎರಡು ದಿನದಿಂದ ಹಸಿದಿದ್ದಳು. ಗಡಿಗೆಯೊಳಗೆ ಮುಖವಿಟ್ಟು ಗಬಗಬನೆ ತಿನ್ನತೊಡಗಿದಳು. ಬೇಡ ಎನ್ನುವ ಬಾಯಿ ನನಗೆಲ್ಲಿ ಉಳಿದಿತ್ತು? ಎದುರಿಗೆ ಕೂತೆ.