ಹಿಮಪೆಟ್ಟಿಗೆ

ಕೇಂದ್ರ ಸರ್ಕಾರದ ಭಾಷಾಂತರ ವಿಭಾಗದಿಂದ ನಿವೃತ್ತರಾದ ಮೇಲೆ ಜಗನ್ನಾಥರು ಮನೆಯೊಳಗೆ ಇಂಗ್ಲಿಷ್ ಪದಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದರು. ದೆಹಲಿಯ ಆರ್.ಕೆ.ಪುರಂನ ಆ ಮನೆಯಲ್ಲಿ ಮಿಕ್ಸಿ ಅರೆಯಂತ್ರವಾಗಿತ್ತು. ಫ್ರಿಜ್ಜು, ಅವರೇ ಟಂಕಿಸಿದ ಹೆಸರಿನಲ್ಲಿ, ಹಿಮಪೆಟ್ಟಿಗೆಯಾಗಿತ್ತು. ಸೊಸೆ ಅಹಲ್ಯಾ ನಕ್ಕು ಸುಮ್ಮನಾಗುತ್ತಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದು ಈಗ ಗುರುಗ್ರಾಮದ ಕಚೇರಿಯೊಂದಕ್ಕೆ ಹೋಗುವ ಮೊಮ್ಮಗಳು ನಿಶಿತಾ ಮಾತ್ರ ಅಜ್ಜನ ಪ್ರತಿ ಪದಕ್ಕೂ ಹಿಂದಿಯ ಹಾದಿ ಹಿಡಿದೇ ಅರ್ಥ ಹುಡುಕುತ್ತಿದ್ದಳು.

ಆ ಭಾನುವಾರ ಬಡಾವಣೆಯ ಕನ್ನಡಿಗರಿಗೆ ಧನುರ್ವಾಯು ಲಸಿಕೆಯ ಶಿಬಿರವಿತ್ತು. ಮನೆ ಮನೆಗೆ ಹೋಗಿ ಎಲ್ಲರನ್ನೂ ಕರೆದವರು ಜಗನ್ನಾಥರೇ. ಹಿಂದಿನ ಸಂಜೆ ಲಸಿಕೆಯ ಡಬ್ಬಿ ಬಂದಾಗ ಅದನ್ನು ಮೊಮ್ಮಗಳ ಕೈಗಿತ್ತು, "ಹಿಮಪೆಟ್ಟಿಗೆಯಲ್ಲಿಡು ಮಗೂ" ಎಂದು ಹೇಳಿ ವಾಯುವಿಹಾರಕ್ಕೆ ಹೊರಟರು. ಔಷಧಿ ಅಂಗಡಿಯವನು ಮರೆತಿದ್ದ ಒಂದು ಸೀಸೆ ಆಮೇಲೆ ಬಂತು. ಅದನ್ನು ಅಹಲ್ಯಾ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟಳು.

ಬೆಳಿಗ್ಗೆ ನೋಡಿದರೆ ಡಬ್ಬಿ ಮೇಲಿನ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕದಲ್ಲಿ ಕುಳಿತಿತ್ತು. ಅದರ ಸೀಸೆಗಳೊಳಗೆಲ್ಲ ಬಿಳಿಯ ಕಲ್ಲು.

"ನಿಶಿತಾ! ಏನಿದು?"

"ನೀವೇ ಹೇಳಿದ್ದಲ್ವಾ ಅಜ್ಜಾ? ಹಿಮ್ ಮತ್ಲಬ್ ಬರ್ಫ್, ಮಂಜುಗಡ್ಡೆ. ಬರ್ಫ್ ಕೀ ಪೇಟಿ ಅಂದ್ರೆ ಫ್ರೀಜರ್ ತಾನೇ?"

ಜಗನ್ನಾಥರು ಸೀಸೆಯೊಂದನ್ನು ಬೆಳಕಿಗೆ ಹಿಡಿದರು. "ಇರಲಿ, ಕರಗಿದರೆ ಸರಿಹೋಗುತ್ತದೆ" ಎಂದರು.

"ಸರಿಹೋಗಲ್ಲ ಮಾವ" ಎಂದಳು ಅಹಲ್ಯಾ. ಫರೀದಾಬಾದಿನ ಪ್ರಯೋಗಾಲಯದಲ್ಲಿ ಲಸಿಕೆಗಳೊಡನೆಯೇ ಅವಳ ದಿನ ಕಳೆಯುತ್ತಿತ್ತು. ಒಂದು ಸೀಸೆಯನ್ನು ಅಂಗೈಯಲ್ಲಿ ಕರಗಿಸಿ, ಕೆಳಗಿನ ಖಾನೆಯ ಸೀಸೆಯನ್ನೂ ತೆಗೆದು ಎರಡನ್ನೂ ಚೆನ್ನಾಗಿ ಕುಲುಕಿ ಮೇಜಿನ ಮೇಲೆ ನಿಲ್ಲಿಸಿದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಬಿತ್ತು. ಕೆಳಗಿನ ಖಾನೆಯದು ತೆಳುಹಾಲಿನಂತೆ ಒಂದೇ ಸಮನೆ ಬೆಳ್ಳಗಿತ್ತು. ಕರಗಿಸಿದ್ದರಲ್ಲಿ ಚೂರುಗಳು ತಳ ಸೇರಿ, ಮೇಲೆ ತಿಳಿನೀರು ನಿಂತಿತ್ತು.

"ಇದರಲ್ಲಿ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿರ್ತವೆ ಮಾವ. ಲಸಿಕೆಯ ಸತ್ವ ಅವಕ್ಕೆ ಅಂಟಿಕೊಂಡಿರುತ್ತೆ; ಹಾಗಿದ್ರೇನೇ ಮೈ ಅದನ್ನ ಚೆನ್ನಾಗಿ ಗುರುತು ಹಿಡಿಯೋದು. ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಆ ಕಣಗಳನ್ನ ಒತ್ತಿ ಗಂಟು ಮಾಡಿಬಿಡುತ್ತೆ. ಕರಗಿಸಿದ್ರೂ ಗಂಟು ಬಿಡಲ್ಲ, ಸತ್ವವೂ ಕೆಡುತ್ತೆ."

"ಒಡೆದ ಹಾಲಿನ ಹಾಗೆ" ಎಂದರು ಜಗನ್ನಾಥರು.

"ಹಾಲಾಗಿದ್ರೆ ಪನೀರಾದ್ರೂ ಮಾಡಬಹುದಿತ್ತು!"

ಜಗನ್ನಾಥರು ನಗಲಿಲ್ಲ. ಊರನ್ನೆಲ್ಲ ಕರೆದಾಗಿತ್ತು. ಬರಿಗೈಯಲ್ಲಿ ನಿಂತರೆ ಗೆಳೆಯ ಈಶ್ವರಪ್ಪನವರು ವರ್ಷವಿಡೀ ಕಾಡದೆ ಬಿಡುವವರಲ್ಲ. ಅಂಗಡಿಯವನದೇ ತಪ್ಪು ಎಂದುಬಿಟ್ಟರೆ? ಆ ಯೋಚನೆ ಬಂದಷ್ಟೇ ವೇಗದಲ್ಲಿ ಅವರಿಗೆ ಮುಜುಗರ ತಂದಿತು.

"ನನ್ನ ಮಿಸ್ಟೇಕ್ ಅಂತ ನಾನೇ ಹೇಳ್ತೀನಿ ಅಜ್ಜಾ. ಚಲೋ, ಬಾತ್ ಖತಮ್" ಎಂದಳು ನಿಶಿತಾ. ಅದು ಇನ್ನೂ ಚುಚ್ಚಿತು.

ಸಭಾಂಗಣದಲ್ಲಿ ಈಶ್ವರಪ್ಪನವರು ಆಗಲೇ ತೋಳು ಮಡಚಿ ಕುಳಿತಿದ್ದರು. "ಏನ್ರೀ ಜಗನ್ನಾಥ್, ಸೂಜಿ ಎಲ್ಲಿ? ಈ ಸಲವೂ ಬರೀ ಭಾಷಣಾನೋ?"

ನಿಶಿತಾ ಏಳುವಷ್ಟರಲ್ಲಿ ಜಗನ್ನಾಥರು ಧ್ವನಿವರ್ಧಕ ಹಿಡಿದಿದ್ದರು.

"ಲಸಿಕೆ ಮುಂದಿನ ಭಾನುವಾರ. ಬಂದದ್ದು ಹೆಪ್ಪುಗಟ್ಟಿ ಕೆಟ್ಟಿದೆ. ತಪ್ಪು ಮಗುವಿನದಲ್ಲ, ನಾನು ಕಟ್ಟಿದ ಪದದ್ದು. ನಾನು..." ಧ್ವನಿವರ್ಧಕವನ್ನು ಇನ್ನೊಂದು ಕೈಗೆ ಬದಲಿಸಿದರು. "ನಾನು 'ಫ್ರಿಜ್ಜಿನಲ್ಲಿಡು' ಎನ್ನಬೇಕಾಗಿತ್ತು."

ಸಭೆಯ ತಲೆಗಳೆಲ್ಲ ಒಮ್ಮೆಲೇ ಅವರತ್ತ ತಿರುಗಿದವು. ಲಸಿಕೆ ಕೆಟ್ಟ ಸುದ್ದಿಗಲ್ಲ. ಜಗನ್ನಾಥರ ಬಾಯಿಂದ ಆ ಪದ ಹೊರಬಿದ್ದುದಕ್ಕೆ.

"ಇನ್ನೊಂದ್ಸಲ ಹೇಳಿ ಸ್ವಾಮೀ, ಕಿವಿ ತುಂಬಲಿಲ್ಲ!" ಎಂದು ಈಶ್ವರಪ್ಪನವರು ಕೂಗಿದರು. ನಗೆ ಉಕ್ಕಿತು, ಜಗನ್ನಾಥರೂ ಅದರಲ್ಲಿ ಸೇರಿಕೊಂಡರು.

ಮುಂದಿನ ಶನಿವಾರ ಹೊಸ ಡಬ್ಬಿ ಬಂತು. ಜಗನ್ನಾಥರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊಮ್ಮಗಳಿಗೆ ಕೊಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದರು: "ಫ್ರಿಜ್ಜು. ಕೆಳಗಿನ ಖಾನೆ. ಫ್ರೀಜರ್ ಅಲ್ಲ."

"ಅಚ್ಛಾ ಅಜ್ಜಾ" ಎಂದಳು ನಿಶಿತಾ, ಕಣ್ಣಲ್ಲೇ ನಗುತ್ತ. "ಹಿಮಪೆಟ್ಟಿಗೆಯಲ್ಲೇ ಇಡ್ತೀನಿ."

ಜಗನ್ನಾಥರು ಚಪ್ಪಲಿಯನ್ನೂ ಮೆಟ್ಟದೆ ಅವಳ ಹಿಂದೆಯೇ ಅಡುಗೆಮನೆಗೆ ಓಡಿದರು.